ಸೆಂಟ್ ಫೋಲ್ಡರ್‌ನ ಹೆಸರನ್ನು ಊಹಿಸಬೇಡಿ, ಸರ್ವರನ್ನೇ ಕೇಳಿ

ಮೇಲ್ ಕಳುಹಿಸಿ, ಅದರ ಒಂದು ಪ್ರತಿಯನ್ನು ಬಳಕೆದಾರನ ಸೆಂಟ್ ಫೋಲ್ಡರ್‌ನಲ್ಲಿ ಇಡುವ ಪ್ರೋಗ್ರಾಂ ಒಂದು ಖಾತೆಯಲ್ಲಿ ಸಲೀಸಾಗಿ ಓಡುತ್ತದೆ, ಇನ್ನೊಂದರಲ್ಲಿ ಮುಗ್ಗರಿಸುತ್ತದೆ. ಹೆಚ್ಚಿನ ಸಲ ಕಾರಣ ಒಂದೇ: ಕೋಡ್‌ನಲ್ಲಿ ‘ಸೆಂಟ್’ ಎಂಬ ಹೆಸರನ್ನು ನೇರವಾಗಿ ಬರೆದುಬಿಟ್ಟಿರುತ್ತಾರೆ. ಆದರೆ ಅದೇ ಫೋಲ್ಡರ್ ಎಕ್ಸ್‌ಚೇಂಜ್‌ನಲ್ಲಿ ‘ಸೆಂಟ್ ಐಟಮ್ಸ್’, ಐಕ್ಲೌಡ್‌ನಲ್ಲಿ ‘ಸೆಂಟ್ ಮೆಸೇಜಸ್’, ಜಿಮೇಲ್‌ನಲ್ಲಿ ‘[ಜಿಮೇಲ್]/ಸೆಂಟ್ ಮೇಲ್’, ಕೂರಿಯರ್ ಸರ್ವರ್‌ನಲ್ಲಿ ‘ಇನ್‌ಬಾಕ್ಸ್.ಸೆಂಟ್’. ಜಿಮೇಲ್ ಖಾತೆಯ ಭಾಷೆ ಬದಲಾದರೆ ಈ ಹೆಸರೂ ಬದಲಾಗುತ್ತದೆ. ಭಾಷೆ ಬ್ರಿಟನ್ ಇಂಗ್ಲಿಷ್ ಆಗಿದ್ದರೆ ಅಳಿಸಿದ ಮೇಲ್‌ಗಳ ಫೋಲ್ಡರ್ ‘ಟ್ರ್ಯಾಶ್’ ಅಲ್ಲ, ‘ಬಿನ್’.

ಹೆಸರುಗಳ ಪಟ್ಟಿಯನ್ನು ಉದ್ದ ಮಾಡುತ್ತ ಹೋಗುವುದು ಇದಕ್ಕೆ ಪರಿಹಾರವಲ್ಲ. ಫೋಲ್ಡರ್‌ಗಳು ಎಲ್ಲಿವೆ, ಯಾವುದು ಯಾವ ಕೆಲಸಕ್ಕೆ ಎಂದು ಹೇಳುವ ವ್ಯವಸ್ಥೆ ಐಮ್ಯಾಪ್‌ನಲ್ಲೇ (ಸರ್ವರ್‌ನಲ್ಲಿರುವ ಮೇಲ್‌ಗಳನ್ನು ನೋಡಲು, ಇಡಲು ಪ್ರೋಗ್ರಾಂಗಳು ಬಳಸುವ ನಿಯಮಾವಳಿ) ಇದೆ. ಕೋಡ್ ಅದನ್ನು ಸರಿಯಾದ ಕ್ರಮದಲ್ಲಿ ಕೇಳಬೇಕು. ಕೆಳಗಿನ ಆದೇಶಗಳನ್ನೂ ಉತ್ತರಗಳನ್ನೂ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ಕೋಡ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಬೇಕು.

ಮೊದಲಿಗೆ ಒಂದು ಗೊಂದಲವನ್ನು ಬಗೆಹರಿಸಿಕೊಳ್ಳೋಣ. ಥಂಡರ್‌ಬರ್ಡ್‌ನ ಖಾತೆ ಸೆಟ್ಟಿಂಗ್‌ನಲ್ಲಿ ‘ಐಮ್ಯಾಪ್ ಸರ್ವರ್ ಡೈರೆಕ್ಟರಿ’ ಎಂಬ ಖಾನೆ ಇದೆ. ಔಟ್‌ಲುಕ್‌ನಲ್ಲಿ ಅದನ್ನು ‘ರೂಟ್ ಫೋಲ್ಡರ್ ಪಾತ್’ ಎನ್ನುತ್ತಾರೆ, ಆಪಲ್‌ನವರು ‘ಐಮ್ಯಾಪ್ ಪಾತ್ ಪ್ರಿಫಿಕ್ಸ್’ ಎನ್ನುತ್ತಾರೆ. ಇದು ಸರ್ವರ್‌ನ ಡಿಸ್ಕ್ ಮೇಲಿರುವ ಡೈರೆಕ್ಟರಿ ಅಲ್ಲ. ಡಿಸ್ಕ್ ಮೇಲೆ ಮೇಲ್‌ಗಳು ಮೇಲ್‌ಡಿರ್ ಆಗಿ (ಮೇಲ್‌ಗೊಂದು ಫೈಲ್) ಕೂತಿವೆಯೋ ಡೇಟಾಬೇಸ್ ಒಳಗಿವೆಯೋ ಎಂದು ಐಮ್ಯಾಪ್ ಕ್ಲೈಂಟ್‌ಗೆ ಹೇಳುವುದಿಲ್ಲ, ತಿಳಿಯುವ ಅಗತ್ಯವೂ ಇಲ್ಲ. ಈ ಖಾನೆ ಹುಟ್ಟಲು ಬಹುಮಟ್ಟಿಗೆ ವಾಷಿಂಗ್ಟನ್ ವಿಶ್ವವಿದ್ಯಾಲಯದ ಹಳೆಯ ಐಮ್ಯಾಪ್ ಸರ್ವರ್‌ನಂಥವು ಕಾರಣ. ಎಲ್ಲ ಫೋಲ್ಡರ್‌ಗಳನ್ನೂ ಕೊಡು ಎಂದರೆ ಆ ಸರ್ವರ್ ಬಳಕೆದಾರನ ಇಡೀ ಹೋಮ್ ಡೈರೆಕ್ಟರಿಯನ್ನೇ ಸುರಿಯುತ್ತಿತ್ತು. ಅದಕ್ಕಾಗಿ ‘ಮೇಲ್/’ ಎಂಬ ಪ್ರಿಫಿಕ್ಸನ್ನು, ಅಂದರೆ ಫೋಲ್ಡರ್ ಹೆಸರುಗಳ ಮೊದಲಿಗೆ ಸೇರುವ ಭಾಗವನ್ನು, ಕೈಯಿಂದ ತುಂಬಿಸಬೇಕಾಗುತ್ತಿತ್ತು. ಇಂದು ಅದನ್ನು ಬಳಕೆದಾರನಿಂದ ಕೇಳುವ ಅಗತ್ಯವಿಲ್ಲ. 1998ರ ಆರ್‌ಎಫ್‌ಸಿ 2342 (ಆರ್‌ಎಫ್‌ಸಿ ಎಂದರೆ ಇಂಟರ್ನೆಟ್ ನಿಯಮಗಳ ದಾಖಲೆ) ತಂದ ನೇಮ್‌ಸ್ಪೇಸ್ ಆದೇಶ ಇರುವುದೇ ಇದಕ್ಕಾಗಿ.

ಕೇಳುವ ಕ್ರಮ

993ನೇ ಪೋರ್ಟ್‌ಗೆ ನೇರ ಟಿಎಲ್‌ಎಸ್ ಸಂಪರ್ಕ ಮಾಡಿ, ಲಾಗಿನ್ ಆಗಿ. ಆಮೇಲೆ ಕೇಪಬಿಲಿಟಿಯನ್ನು ಮತ್ತೊಮ್ಮೆ ಕೇಳಿ. ಲಾಗಿನ್‌ಗೆ ಮುಂಚೆ ಸರ್ವರ್ ತನ್ನ ಸಾಮರ್ಥ್ಯಗಳ ಚಿಕ್ಕ ಪಟ್ಟಿಯನ್ನು ಮಾತ್ರ ತೋರಿಸುವುದು ಸಾಮಾನ್ಯ; ನೇಮ್‌ಸ್ಪೇಸ್, ಫೋಲ್ಡರ್‌ನ ಕೆಲಸ ತಿಳಿಸುವ ಸ್ಪೆಷಲ್-ಯೂಸ್ ಮುಂತಾದವು ಲಾಗಿನ್ ಆದ ಮೇಲಷ್ಟೇ ಕಾಣಿಸಬಹುದು. ಪೈಥಾನ್ ಜೊತೆಗೇ ಬರುವ ಇಮ್ಯಾಪ್‌ಲಿಬ್ ಸಂಪರ್ಕವಾದಾಗ ಒಮ್ಮೆ ಪಟ್ಟಿ ಓದಿಟ್ಟುಕೊಳ್ಳುತ್ತದೆ, ಲಾಗಿನ್ ಆದ ಮೇಲೆ ತಾನಾಗಿ ಹೊಸದನ್ನು ಓದುವುದಿಲ್ಲ. ‘ಈ ಸರ್ವರ್‌ಗೆ ಸ್ಪೆಷಲ್-ಯೂಸ್ ಬರುವುದಿಲ್ಲ’ ಎಂಬ ತಪ್ಪು ತೀರ್ಮಾನಕ್ಕೆ ಇದೇ ಮುಖ್ಯ ದಾರಿ.

ಆಮೇಲೆ ನೇಮ್‌ಸ್ಪೇಸ್ ಕೇಳಿ. ಉತ್ತರ ಹೀಗಿರುತ್ತದೆ (‘ಎ3’ ಎಂಬುದು ಆದೇಶಕ್ಕೆ ನಾವು ಕೊಡುವ ಟ್ಯಾಗ್, ನಕ್ಷತ್ರದ ಸಾಲು ಸರ್ವರ್‌ನ ಉತ್ತರ):

ಎ3 ನೇಮ್‌ಸ್ಪೇಸ್
* ನೇಮ್‌ಸ್ಪೇಸ್ (("ಇನ್‌ಬಾಕ್ಸ್." ".")) ನಿಲ್ ನಿಲ್

ಮೂರು ಭಾಗಗಳಿವೆ: ಸ್ವಂತ ಫೋಲ್ಡರ್‌ಗಳು, ಬೇರೆ ಬಳಕೆದಾರರವು, ಎಲ್ಲರಿಗೂ ಹಂಚಿದವು. ನಮಗೆ ಬೇಕಾದದ್ದು ಮೊದಲನೆಯದು. ಅದರಲ್ಲಿ ಒಂದು ಪ್ರಿಫಿಕ್ಸ್, ಒಂದು ಡಿಲಿಮಿಟರ್ ಇರುತ್ತವೆ. ಮೇಲಿನ ಉದಾಹರಣೆ ಹೇಳುವುದು ಇಷ್ಟು: ಏನೇ ಹೊಸ ಫೋಲ್ಡರ್ ಮಾಡಿದರೂ ಅದು ಇನ್‌ಬಾಕ್ಸ್‌ನ ಕೆಳಗೇ ಇರಬೇಕು, ಹಂತಗಳನ್ನು ಬೇರ್ಪಡಿಸುವುದು ಚುಕ್ಕಿ. ಜಿಮೇಲ್‌ನಲ್ಲಿ ಪ್ರಿಫಿಕ್ಸ್ ಖಾಲಿ, ಡಿಲಿಮಿಟರ್ ಓರೆಗೆರೆ. ಪ್ರಿಫಿಕ್ಸ್‌ನ ಕೊನೆಗೆ ಡಿಲಿಮಿಟರ್ ಸೇರಿಯೇ ಬರುವುದು ವಾಡಿಕೆ. ನೀವು ಮತ್ತೊಂದು ಸೇರಿಸಿದರೆ ‘ಇನ್‌ಬಾಕ್ಸ್..ಸೆಂಟ್’ ಆಗಿ ಸರ್ವರ್ ನಿರಾಕರಿಸುತ್ತದೆ. ಕೊನೆಯ ಅಕ್ಷರ ನೋಡಿ, ಇಲ್ಲದಿದ್ದರೆ ಮಾತ್ರ ಸೇರಿಸಿ.

ಪ್ರಿಫಿಕ್ಸ್ ಮರೆತು ಬರಿಯ ‘ಸೆಂಟ್’ ಎಂದು ಫೋಲ್ಡರ್ ಮಾಡಲು ಹೋದರೆ ಏನಾಗುತ್ತದೆಂದು ನೋಡಬೇಕಿದ್ದರೆ ಡವ್‌ಕಾಟ್ ಎಂಬ ಐಮ್ಯಾಪ್ ಸರ್ವರ್ ಒಳ್ಳೆಯದು. ಇಲ್ಲದ ನೇಮ್‌ಸ್ಪೇಸನ್ನು ಮುಟ್ಟಲು ಹೊರಟಿದ್ದೀರಿ, ಹೆಸರಿನ ಮುಂದೆ ಬಹುಶಃ ‘ಇನ್‌ಬಾಕ್ಸ್.’ ಸೇರಬೇಕು ಎಂದು ದೋಷದ ಸಂದೇಶದಲ್ಲೇ ಬಿಡಿಸಿ ಹೇಳುತ್ತದೆ. ಇಷ್ಟು ಸ್ಪಷ್ಟವಾದ ಸಂದೇಶವನ್ನೂ ಕೆಲವು ಪ್ರೋಗ್ರಾಂಗಳು ನುಂಗಿ ‘ಕಳುಹಿಸಲು ಆಗಲಿಲ್ಲ’ ಎಂದಷ್ಟೇ ತೋರಿಸುತ್ತವೆ. ಮೇಲ್ ಹೋಗಿರುತ್ತದೆ, ಪ್ರತಿ ಇಡಲು ಮಾತ್ರ ಆಗಿರುವುದಿಲ್ಲ. ಬಳಕೆದಾರ ಅದೇ ಮೇಲನ್ನು ಮತ್ತೆ ಮತ್ತೆ ಕಳುಹಿಸುತ್ತಾನೆ. ಮೇಲ್ ಕಳುಹಿಸುವ ಎಸ್‌ಎಂಟಿಪಿಯ ಸೋಲನ್ನೂ ಪ್ರತಿ ಇಡುವ ಐಮ್ಯಾಪ್‌ನ ಸೋಲನ್ನೂ ದಯವಿಟ್ಟು ಬೇರೆ ಬೇರೆ ತೋರಿಸಿ, ಸರ್ವರ್ ಹೇಳಿದ ಸಾಲನ್ನು ಲಾಗ್‌ನಲ್ಲಿ ಪೂರ್ತಿ ಬರೆಯಿರಿ.

ನೇಮ್‌ಸ್ಪೇಸ್ ಬಾರದ ಸರ್ವರ್ ಸಿಕ್ಕಿದರೆ ಡಿಲಿಮಿಟರನ್ನು ಹೀಗೆ ಕೇಳಬಹುದು:

ಎ4 ಲಿಸ್ಟ್ "" ""
* ಲಿಸ್ಟ್ (\ನೋಸೆಲೆಕ್ಟ್) "/" ""

ಎರಡೂ ಖಾಲಿ ಬಿಟ್ಟರೆ ಸರ್ವರ್ ಯಾವ ಫೋಲ್ಡರನ್ನೂ ಪಟ್ಟಿ ಮಾಡುವುದಿಲ್ಲ, ಡಿಲಿಮಿಟರ್ ಒಂದನ್ನು ಹೇಳುತ್ತದೆ. ಅದರ ಜಾಗದಲ್ಲಿ ನಿಲ್ ಬಂದರೆ ಆ ಸರ್ವರ್‌ನಲ್ಲಿ ಫೋಲ್ಡರ್ ಒಳಗೆ ಫೋಲ್ಡರ್ ಎಂಬುದೇ ಇಲ್ಲ.

ಡಿಲಿಮಿಟರ್ ತಿಳಿಯದೆ ಫೋಲ್ಡರ್ ಮಾಡುವುದು ಯಾಕೆ ತಪ್ಪು ಎಂಬುದಕ್ಕೆ ದಿನಾಂಕದ ಉದಾಹರಣೆ ಸಾಕು. ಡಿಲಿಮಿಟರ್ ಚುಕ್ಕಿಯಾಗಿರುವ ಸರ್ವರ್‌ನಲ್ಲಿ ‘12.06.2024’ ಎಂಬ ಫೋಲ್ಡರ್ ಮಾಡಿ. ‘12’ರ ಒಳಗೆ ‘06’, ಅದರ ಒಳಗೆ ‘2024’ ಹೀಗೆ ಮೂರು ಹಂತ ಹುಟ್ಟುತ್ತವೆ. ಬಳಕೆದಾರ ಕೊಟ್ಟ ಹೆಸರಿನಲ್ಲಿ ಡಿಲಿಮಿಟರ್ ಇದೆಯೇ ಎಂದು ಮೊದಲು ನೋಡಿ, ಇದ್ದರೆ ಅಡ್ಡಗೀಟಿಗೆ ಬದಲಿಸಿ.

ಯಾವ ಫೋಲ್ಡರ್ ಯಾವ ಕೆಲಸಕ್ಕೆ

2011ರ ಆರ್‌ಎಫ್‌ಸಿ 6154 ಸ್ಪೆಷಲ್-ಯೂಸ್ ಗುರುತುಗಳನ್ನು ತಂದಿತು: \ಆಲ್, \ಆರ್ಕೈವ್, \ಡ್ರಾಫ್ಟ್ಸ್, \ಫ್ಲ್ಯಾಗ್ಡ್, \ಜಂಕ್, \ಸೆಂಟ್, \ಟ್ರ್ಯಾಶ್. ಒಟ್ಟು ಏಳು. ಫೋಲ್ಡರ್‌ನ ಹೆಸರು ಜರ್ಮನ್‌ನಲ್ಲಿರಲಿ ಕನ್ನಡದಲ್ಲಿರಲಿ, ಗುರುತು ಮಾತ್ರ ಬದಲಾಗುವುದಿಲ್ಲ. ನಾವು ಹುಡುಕಬೇಕಾದದ್ದು ಗುರುತನ್ನು, ಹೆಸರನ್ನಲ್ಲ.

ಎ5 ಲಿಸ್ಟ್ "" "*" ರಿಟರ್ನ್ (ಸ್ಪೆಷಲ್-ಯೂಸ್)
* ಲಿಸ್ಟ್ (\ಹ್ಯಾಸ್‌ಚಿಲ್ಡ್ರನ್ \ನೋಸೆಲೆಕ್ಟ್) "/" "[ಜಿಮೇಲ್]"
* ಲಿಸ್ಟ್ (\ಹ್ಯಾಸ್‌ನೋಚಿಲ್ಡ್ರನ್ \ಸೆಂಟ್) "/" "[ಜಿಮೇಲ್]/ಸೆಂಟ್ ಮೇಲ್"

‘ರಿಟರ್ನ್’ ಭಾಗವನ್ನು ಸರ್ವರ್ ಸ್ಪೆಷಲ್-ಯೂಸ್ ಜೊತೆಗೆ ಲಿಸ್ಟ್-ಎಕ್ಸ್‌ಟೆಂಡೆಡ್ ಕೂಡ ಬರುತ್ತದೆಂದು ಹೇಳಿದಾಗ ಮಾತ್ರ ಸೇರಿಸಿ. ಇಲ್ಲದಿದ್ದರೆ ‘ಬ್ಯಾಡ್’ ಎಂಬ ಉತ್ತರ ಸಿಗುತ್ತದೆ. ಲಿಸ್ಟ್-ಎಕ್ಸ್‌ಟೆಂಡೆಡ್ ಇಲ್ಲದಿದ್ದರೆ ಸಾದಾ ಲಿಸ್ಟ್ ಕಳುಹಿಸಿ. ಎಷ್ಟೋ ಸರ್ವರ್‌ಗಳು ಅದರಲ್ಲೂ ಗುರುತುಗಳನ್ನು ಸೇರಿಸಿಯೇ ಕೊಡುತ್ತವೆ. ಮೇಲಿನ ‘[ಜಿಮೇಲ್]’ ಎಂಬುದಕ್ಕೆ ನೋಸೆಲೆಕ್ಟ್ ಇದೆ, ಅಂದರೆ ಅದನ್ನು ತೆರೆಯಲಾಗದು. ಅದು ಬರಿಯ ಕವಚ. ಪಟ್ಟಿಯಲ್ಲಿ ಬಂದದ್ದೆಲ್ಲವನ್ನೂ ಸೆಲೆಕ್ಟ್ ಮಾಡುತ್ತ ಹೋಗುವ ಕೋಡ್ ಇಲ್ಲೇ ಎಡವುತ್ತದೆ.

ಒಂದೇ ಗುರುತು ಎರಡು ಫೋಲ್ಡರ್‌ಗಳ ಮೇಲಿರಬಹುದು. ಡವ್‌ಕಾಟ್ ಜೊತೆಗೆ ಬರುವ ಮಾದರಿ ಸಂರಚನೆಯಲ್ಲೇ ‘ಸೆಂಟ್’ ಮತ್ತು ‘ಸೆಂಟ್ ಮೆಸೇಜಸ್’ ಎರಡಕ್ಕೂ \ಸೆಂಟ್ ಗುರುತು ಬರೆದಿದೆ. ಬೇರೆ ಬೇರೆ ಕ್ಲೈಂಟ್‌ಗಳು ಬೇರೆ ಬೇರೆ ಹೆಸರಲ್ಲಿ ಮಾಡಿಟ್ಟ ಫೋಲ್ಡರ್‌ಗಳಿಗೂ ಹೊಂದಲಿ ಎಂದು ಹಾಗೆ ಮಾಡಿದ್ದಾರೆ. ಹೀಗಾದಾಗ ಬಳಕೆದಾರ ಹಿಂದೆ ಆಯ್ದದ್ದಿದ್ದರೆ ಅದು, ಇಲ್ಲದಿದ್ದರೆ ಸಬ್‌ಸ್ಕ್ರೈಬ್ ಆಗಿರುವುದು (ತೋರಿಸಬೇಕಾದ ಫೋಲ್ಡರ್‌ಗಳ ಪಟ್ಟಿಗೆ ಸೇರಿಸಿರುವುದು), ಅದೂ ತಿಳಿಯದಿದ್ದರೆ ಮೊದಲು ಬಂದದ್ದು ಎಂಬ ಸರಣಿ ಸಾಕಾಗುತ್ತದೆ. ಯಾವುದನ್ನೇ ಆರಿಸಿದರೂ ಪ್ರತಿ ಸಲ ಅದನ್ನೇ ಆರಿಸುವಂತಿರಲಿ. ಇಂದು ಒಂದರಲ್ಲಿ ನಾಳೆ ಇನ್ನೊಂದರಲ್ಲಿ ಪ್ರತಿ ಇಟ್ಟರೆ ಬಳಕೆದಾರನಿಗೆ ಮೇಲ್ ಕಳೆದುಹೋದಂತೆಯೇ.

ಹಂಚಿದ ಫೋಲ್ಡರ್‌ಗಳು ಸಾವಿರಾರು ಇರುವ ಕಚೇರಿ ಸರ್ವರ್‌ನಲ್ಲಿ ನಕ್ಷತ್ರ ಚಿಹ್ನೆ ದುಬಾರಿ, ಯಾಕೆಂದರೆ ಅದು ಎಲ್ಲ ಹಂತಗಳಿಗೂ ಇಳಿಯುತ್ತದೆ. ಶೇಕಡಾ ಚಿಹ್ನೆ ಒಂದೇ ಹಂತದಲ್ಲಿ ನಿಲ್ಲುತ್ತದೆ. ಸ್ವಂತ ಪ್ರಿಫಿಕ್ಸ್‌ನ ಕೆಳಗಷ್ಟೇ ಹುಡುಕಿ. ‘ಇನ್‌ಬಾಕ್ಸ್.*’ ಎಂದು ಕೇಳಿದರೆ ಇನ್‌ಬಾಕ್ಸ್ ಪಟ್ಟಿಯಲ್ಲಿ ಬರುವುದಿಲ್ಲ. ಅದು ಯಾವಾಗಲೂ ಇದ್ದೇ ಇರುತ್ತದೆಂದು ಇಟ್ಟುಕೊಳ್ಳಿ. ಇನ್‌ಬಾಕ್ಸ್ ಎಂಬ ಹೆಸರಿಗೆ ಮಾತ್ರ ದೊಡ್ಡಕ್ಷರ ಸಣ್ಣಕ್ಷರದ ಭೇದವಿಲ್ಲ. ಮಿಕ್ಕ ಹೆಸರುಗಳನ್ನು ಸರ್ವರ್ ಕೊಟ್ಟಂತೆಯೇ ಬಳಸಬೇಕು.

ಗುರುತುಗಳೇ ಬಾರದಿದ್ದರೆ ಕೊನೆಯ ದಾರಿಯಾಗಿ ಹೆಸರುಗಳ ಪಟ್ಟಿ ಹಿಡಿಯಿರಿ. ಡಿಲಿಮಿಟರ್‌ನಿಂದ ಒಡೆದು ಕೊನೆಯ ತುಂಡನ್ನು ಮಾತ್ರ ಹೋಲಿಸಿ. ಅದೂ ಸಿಗದಿದ್ದರೆ ಬಳಕೆದಾರನನ್ನು ಕೇಳಿ, ಆಮೇಲಷ್ಟೇ ಹೊಸದು ಮಾಡಿ. ಮೇಲನ್ನು ಫೋಲ್ಡರ್‌ಗೆ ಸೇರಿಸುವ ಅಪೆಂಡ್ ಆದೇಶ ಸೋತು, ಫೋಲ್ಡರ್ ಇಲ್ಲ, ಸೃಷ್ಟಿಸಿ ನೋಡಿ ಎನ್ನುವ ಟ್ರೈಕ್ರಿಯೇಟ್ ಸೂಚನೆ ಬಂದ ಕೂಡಲೇ ‘ಸೆಂಟ್’ ಎಂಬ ಫೋಲ್ಡರ್ ಸೃಷ್ಟಿಸುವ ಕ್ಲೈಂಟ್‌ಗಳಿಂದಲೇ ಒಂದೇ ಖಾತೆಯಲ್ಲಿ ಮೂರು ಮೂರು ಸೆಂಟ್ ಫೋಲ್ಡರ್‌ಗಳು ಕೂಡಿಕೊಳ್ಳುತ್ತವೆ. ಸರ್ವರ್‌ಗೆ ಕ್ರಿಯೇಟ್-ಸ್ಪೆಷಲ್-ಯೂಸ್ ಬರುವುದಾದರೆ ಸೃಷ್ಟಿಸುವಾಗಲೇ ಗುರುತನ್ನೂ ಕೊಡಿ, ಮುಂದಿನ ಕ್ಲೈಂಟ್‌ಗೆ ಊಹೆಯ ಕೆಲಸ ಉಳಿಯದು. ಜೊತೆಗೆ ಸಬ್‌ಸ್ಕ್ರೈಬ್ ಮಾಡಿ, ಇಲ್ಲದಿದ್ದರೆ ಸಬ್‌ಸ್ಕ್ರೈಬ್ ಆದವುಗಳನ್ನಷ್ಟೇ ತೋರಿಸುವ ಆ್ಯಪ್‌ಗಳಲ್ಲಿ ಅದು ಕಾಣುವುದೇ ಇಲ್ಲ. ಜಿಮೇಲ್‌ನ ಎಸ್‌ಎಂಟಿಪಿ ಮೂಲಕ ಕಳುಹಿಸಿದ ಮೇಲ್‌ಗೆ ಪ್ರತಿಯನ್ನು ಜಿಮೇಲ್ ತಾನೇ ಇಡುತ್ತದೆ, ಅಲ್ಲಿ ಅಪೆಂಡ್ ಬೇಕಿಲ್ಲ.

ಕನ್ನಡದ ಹೆಸರು ಬಂದಾಗ

ಇಲ್ಲಿ ಸ್ವಲ್ಪ ನಿಲ್ಲಬೇಕು. ಇಂಗ್ಲಿಷ್ ಹೆಸರುಗಳಷ್ಟರಲ್ಲೇ ಪರೀಕ್ಷೆ ಮುಗಿಸಿದ ಕೋಡ್ ಕನ್ನಡದ ಫೋಲ್ಡರ್ ಎದುರಾದ ಕೂಡಲೇ ಕೈಕೊಡುತ್ತದೆ.

2003ರ ಐಮ್ಯಾಪ್ ನಿಯಮದಲ್ಲಿ, ಅಂದರೆ ಆರ್‌ಎಫ್‌ಸಿ 3501ರಲ್ಲಿ, ಫೋಲ್ಡರ್ ಹೆಸರುಗಳು ಹೋಗುವುದು ಮಾರ್ಪಡಿಸಿದ ಯುಟಿಎಫ್-7ನಲ್ಲಿ. ಆಸ್ಕಿಯಲ್ಲದ ಅಕ್ಷರಗಳನ್ನು ಯುಟಿಎಫ್-16ಕ್ಕೆ ಇಳಿಸಿ, ಬೇಸ್64 ಮಾಡಿ (ಬೈಟ್‌ಗಳನ್ನು 64 ಸಾದಾ ಚಿಹ್ನೆಗಳಲ್ಲಿ ಬರೆಯುವ ಕ್ರಮ), ಮೊದಲಿಗೆ ಆಂಪರ್ಸೆಂಡ್, ಕೊನೆಗೆ ಹೈಫನ್ ಇಡಬೇಕು. ಬೇಸ್64ರಲ್ಲಿ ಬರುವ ಓರೆಗೆರೆಯ ಬದಲು ಅಲ್ಪವಿರಾಮ. ಕೊನೆಯ ಸಮಚಿಹ್ನೆಗಳು ಇರುವುದಿಲ್ಲ. ಹೆಸರಿನಲ್ಲೇ ಆಂಪರ್ಸೆಂಡ್ ಇದ್ದರೆ ಅದನ್ನು ‘&-’ ಎಂದು ಬರೆಯಬೇಕು.

‘ಕಡತ’ ಎಂಬ ಫೋಲ್ಡರನ್ನೇ ತೆಗೆದುಕೊಳ್ಳಿ. ಮೂರು ಅಕ್ಷರ, ಆರು ಬೈಟ್, ಎಂಟು ಬೇಸ್64 ಚಿಹ್ನೆ. ಕನ್ನಡದ ಎಲ್ಲ ಯುನಿಕೋಡ್ ಸಂಕೇತಗಳೂ ಹೆಕ್ಸ್ ಲೆಕ್ಕದಲ್ಲಿ 0ಸಿ80ರಿಂದ 0ಸಿಎಫ್‌ಎಫ್‌ವರೆಗೆ ಇರುವುದರಿಂದ ಮೊದಲ ಬೈಟ್ ಯಾವಾಗಲೂ 0ಸಿ. ಹಾಗಾಗಿ ಕನ್ನಡದಲ್ಲಿ ಶುರುವಾಗುವ ಯಾವ ಹೆಸರಾದರೂ ಆಂಪರ್ಸೆಂಡ್ ನಂತರ ದೊಡ್ಡ ‘ಡಿ’ಯಿಂದಲೇ ಆರಂಭವಾಗುತ್ತದೆ. ಎರಡನೆಯ ಚಿಹ್ನೆ ದೊಡ್ಡ ‘ಐ’ಯಿಂದ ‘ಪಿ’ವರೆಗಿನ ಎಂಟರಲ್ಲಿ ಒಂದು. ‘ಕಡತ’ಕ್ಕೆ ಬರುವುದು ದೊಡ್ಡ ಡಿ, ಜೆ, ಯು, ಎಂ, ಸಣ್ಣ ಓ, ದೊಡ್ಡ ಕ್ಯೂ, ಸಣ್ಣ ವೈ, ಸಣ್ಣ ಕೆ. ಲಾಗ್‌ನಲ್ಲಿ ಈ ತರಹದ ಸಾಲು ಕಂಡರೆ ಅದು ಕಸ ಅಲ್ಲ, ಕನ್ನಡ.

ಪೈಥಾನ್‌ನಲ್ಲಿ ಯುಟಿಎಫ್-7 ಇದೆ, ಮಾರ್ಪಡಿಸಿದ ಯುಟಿಎಫ್-7 ಇಲ್ಲ. ಹಾಗಾಗಿ ಸಾದಾ ಯುಟಿಎಫ್-7 ಮಾಡಿ ಕೂಡು ಚಿಹ್ನೆಯ ಜಾಗದಲ್ಲಿ ಆಂಪರ್ಸೆಂಡ್ ಹಾಕಿದರಾಯಿತು ಎಂಬ ಅಡ್ಡದಾರಿ ಹಿಡಿಯುವವರಿದ್ದಾರೆ. ‘ಕಡತ’ಕ್ಕೆ ಅದು ಹೊಂದಿಬಿಡುತ್ತದೆ, ಅಪಾಯ ಇರುವುದೇ ಅಲ್ಲಿ. ‘ತನಿಖೆ’ ಎಂದು ಬರೆದು ನೋಡಿ. ಮೂರನೆಯ ಸಂಕೇತ ಗುಡಿಸು, 0ಸಿಬಿಎಫ್. ಅದರ ಕೊನೆಯ ಆರು ಬಿಟ್‌ಗಳೂ 1 ಆಗಿರುವುದರಿಂದ ಎಂಟನೆಯ ಚಿಹ್ನೆಯಾಗಿ ಓರೆಗೆರೆ ಬರುತ್ತದೆ. ಡಿಲಿಮಿಟರ್ ಓರೆಗೆರೆಯಾಗಿರುವ ಸರ್ವರ್‌ನಲ್ಲಿ ಹೆಸರು ಅಲ್ಲಿಗೆ ಎರಡಾಗಿ ಸೀಳುತ್ತದೆ. ‘ಸಹಾಯ’ದಲ್ಲಿ ಅದೇ ಮೂರನೆಯ ಜಾಗದಲ್ಲಿ ಆಕಾರದ ಇಳಿ, 0ಸಿಬಿಇ, ಅದರಿಂದ ಬೇಸ್64ರ ಒಳಗೇ ಒಂದು ಕೂಡು ಚಿಹ್ನೆ ಹುಟ್ಟುತ್ತದೆ. ಎಲ್ಲ ಕೂಡು ಚಿಹ್ನೆಗಳನ್ನೂ ಬದಲಿಸುವ ಕೋಡ್ ಅದನ್ನೂ ಬದಲಿಸಿ ಹೆಸರನ್ನು ಕೆಡಿಸುತ್ತದೆ. ಗುಡಿಸೂ ಆಕಾರವೂ ಇಲ್ಲದ ಕನ್ನಡ ಎಷ್ಟಿದೆ? ಅಡ್ಡದಾರಿ ಬಿಟ್ಟು ಸರಿಯಾದ ಲೈಬ್ರರಿ ಬಳಸಿ.

ಹೋಲಿಕೆಯದು ಇನ್ನೊಂದು ತೊಡಕು. ‘ಕೋರ್ಟ್’ನಲ್ಲಿರುವ ‘ಕೋ’ವನ್ನು ಯುನಿಕೋಡ್‌ನಲ್ಲಿ ಎರಡು ಸಂಕೇತಗಳಲ್ಲಿ ಬರೆಯಬಹುದು, ಬಿಡಿಸಿ ನಾಲ್ಕರಲ್ಲೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಸರ್ವರ್‌ಗೆ ಎರಡು ಬೇರೆ ಫೋಲ್ಡರ್. ಹೋಲಿಸುವ ಮುನ್ನ ಎರಡನ್ನೂ ಎನ್‌ಎಫ್‌ಸಿ ರೂಪಕ್ಕೆ (ಬಿಡಿಸಿದ ಸಂಕೇತಗಳನ್ನು ಕೂಡಿಸಿದ ಯುನಿಕೋಡ್ ರೂಪ) ತನ್ನಿ. ಎನ್‌ಎಫ್‌ಸಿಯಿಂದಲೂ ಹೋಗದ್ದು ಶೂನ್ಯ ಅಗಲದ ನಾನ್‌ಜಾಯಿನರ್, 200ಸಿ. ‘ಬ್ಯಾಂಕ್’ ಎಂಬಂತೆ ಅರ್ಧಾಕ್ಷರದಲ್ಲಿ ಮುಗಿಯುವ ಹೆಸರಿನ ಕೊನೆಗೆ ಅದು ಅಂಟಿಕೊಂಡಿದ್ದರೆ ಪರದೆಯ ಮೇಲೆ ಏನೂ ಕಾಣದು, ಹೋಲಿಕೆ ಮಾತ್ರ ಸೋಲುತ್ತದೆ. ಹೋಲಿಸುವ ಪ್ರತಿಯಿಂದ ಅದನ್ನು ತೆಗೆಯಿರಿ, ಸರ್ವರ್‌ಗೆ ಕಳುಹಿಸುವ ಪ್ರತಿಯಿಂದ ತೆಗೆಯಬೇಡಿ.

ಆದ್ದರಿಂದ ಪ್ರತಿ ಫೋಲ್ಡರ್‌ಗೂ ಎರಡು ಹೆಸರು ಇಟ್ಟುಕೊಳ್ಳಿ: ಸರ್ವರ್ ಕೊಟ್ಟ ಬೈಟ್‌ಗಳು ಹಾಗೆಯೇ, ಮತ್ತು ತೋರಿಸಲು ಡಿಕೋಡ್ ಮಾಡಿದ್ದು. ಸೆಲೆಕ್ಟ್‌ಗೂ ಅಪೆಂಡ್‌ಗೂ ಯಾವಾಗಲೂ ಮೊದಲನೆಯದು. 2021ರ ಆರ್‌ಎಫ್‌ಸಿ 9051 ಹೆಸರುಗಳನ್ನು ಯುಟಿಎಫ್-8ಕ್ಕೆ ತಂದಿದೆಯಾದರೂ ಹಳೆಯ ನಿಯಮದ ಸರ್ವರ್‌ಗಳು ಇನ್ನೂ ಬೇಕಾದಷ್ಟಿವೆ.

ಲೈಬ್ರರಿಗಳ ಬಗ್ಗೆ

ಇಮ್ಯಾಪ್‌ಲಿಬ್ ಫೋಲ್ಡರ್ ಹೆಸರಿಗೆ ಉದ್ಧರಣ ಚಿಹ್ನೆ ಹಾಕುವುದಿಲ್ಲ. ‘ಸೆಂಟ್ ಐಟಮ್ಸ್’ನಂತೆ ನಡುವೆ ಖಾಲಿ ಜಾಗ ಇರುವ ಹೆಸರನ್ನು ಹಾಗೇ ಕೊಟ್ಟರೆ ‘ಬ್ಯಾಡ್’ ಬರುತ್ತದೆ, ನೀವೇ ಹಾಕಬೇಕು. ಲಿಸ್ಟ್ ಉತ್ತರದಲ್ಲಿ ಹೆಸರು ಉದ್ಧರಣದೊಳಗೆ ಬರಬಹುದು, ಬರಿದಾಗಿ ಬರಬಹುದು, ಉದ್ದವನ್ನು ಮೊದಲೇ ಹೇಳುವ ಲಿಟರಲ್ ಆಗಿಯೂ ಬರಬಹುದು. ಲಿಟರಲ್ ಬಂದಾಗ ಇಮ್ಯಾಪ್‌ಲಿಬ್ ಬೈಟ್‌ಗಳ ಬದಲು ಟ್ಯೂಪಲ್ ಕೊಡುತ್ತದೆ, ಒಂದೇ ಸಾಲಿನ ರೆಜೆಕ್ಸ್ ಅಲ್ಲಿಗೆ ನಿಲ್ಲುತ್ತದೆ. ಪೈಥಾನ್‌ನಲ್ಲಿ ಹೊಸದಾಗಿ ಬರೆಯುವವರು ಇಮ್ಯಾಪ್‌ಕ್ಲೈಂಟ್ ಬಳಸುವುದು ಒಳ್ಳೆಯದು. ಹೆಸರುಗಳನ್ನು ಅದೇ ಡಿಕೋಡ್ ಮಾಡುತ್ತದೆ, ಗುರುತಿನಿಂದ ವಿಶೇಷ ಫೋಲ್ಡರ್ ಹುಡುಕುವ ಮೆಥಡ್ ಕೂಡ ಅದರಲ್ಲಿದೆ.

ಜಾವಾದ ಜಕಾರ್ತ ಮೇಲ್‌ನಲ್ಲಿ ಸ್ಟೋರ್ ಆಬ್ಜೆಕ್ಟ್ ಸ್ವಂತ ನೇಮ್‌ಸ್ಪೇಸ್‌ಗಳನ್ನು ಕೊಡುತ್ತದೆ. ಗುರುತುಗಳನ್ನು ಓದಲು ಫೋಲ್ಡರನ್ನು ಐಮ್ಯಾಪ್‌ಫೋಲ್ಡರ್‌ಗೆ ಕಾಸ್ಟ್ ಮಾಡಬೇಕು. ಸಿ-ಶಾರ್ಪ್‌ನ ಮೇಲ್‌ಕಿಟ್‌ನಲ್ಲಿ ವಿಶೇಷ ಫೋಲ್ಡರನ್ನು ನೇರವಾಗಿ ಕೇಳಬಹುದು. ಆದರೆ ಸರ್ವರ್‌ಗೆ ಸ್ಪೆಷಲ್-ಯೂಸ್ ಆಗಲಿ, ಅದೇ ಕೆಲಸದ ಗೂಗಲ್‌ನ ಹಳೆಯ ಎಕ್ಸ್‌ಲಿಸ್ಟ್ ಆದೇಶ ಆಗಲಿ ಬಾರದಿದ್ದರೆ ಎಕ್ಸೆಪ್ಶನ್ ಎಸೆಯುತ್ತದೆ, ಅದನ್ನು ಹಿಡಿದು ಹೆಸರುಗಳ ಪಟ್ಟಿಗೆ ಇಳಿಯಬೇಕು.

ಯಾವ ಲೈಬ್ರರಿಯಾದರೂ ಅನುಮಾನ ಬಂದಾಗ ಓಪನ್‌ಎಸ್‌ಎಸ್‌ಎಲ್‌ನ ಎಸ್-ಕ್ಲೈಂಟ್‌ನಿಂದ ಸರ್ವರ್ ಜೊತೆ ಕೈಯಾರೆ ಮಾತಾಡಿ ನೋಡಿ. ಸಾಲಿನ ಅಂತ್ಯ ಸರಿಯಾಗಿ ಹೋಗಲು ಸಿಆರ್‌ಎಲ್‌ಎಫ್ ಆಯ್ಕೆ ಕೊಡಿ. ದೊಡ್ಡ ‘ಕ್ಯೂ’ ಅಥವಾ ‘ಆರ್’ನಿಂದ ಸಾಲು ಶುರುಮಾಡಬೇಡಿ, ಅವನ್ನು ಎಸ್-ಕ್ಲೈಂಟ್ ತನ್ನದೇ ಆದೇಶ ಎಂದುಕೊಳ್ಳುತ್ತದೆ. ಟ್ಯಾಗ್‌ಗೆ ‘ಎ1’, ‘ಎ2’ ಸಾಕು.

ಸಿಕ್ಕ ಹೆಸರನ್ನು ಉಳಿಸಿಟ್ಟುಕೊಳ್ಳಬಹುದು, ಆದರೆ ಪ್ರತಿ ಹೊಸ ಸಂಪರ್ಕದಲ್ಲೂ ಮತ್ತೆ ಕೇಳಿ. ಬಳಕೆದಾರ ಭಾಷೆ ಬದಲಿಸಿದ ದಿನ ಉಳಿಸಿದ ಹೆಸರು ಸುಳ್ಳಾಗುತ್ತದೆ, ಲಿಸ್ಟ್‌ಗೆ ತಗಲುವುದು ಒಂದೇ ಸುತ್ತು.

ಪರೀಕ್ಷೆಗೆ ನಿಮ್ಮ ಯಂತ್ರದಲ್ಲೇ ಒಂದು ಡವ್‌ಕಾಟ್ ಇಟ್ಟುಕೊಳ್ಳಿ. ಇನ್‌ಬಾಕ್ಸ್ ನೇಮ್‌ಸ್ಪೇಸ್‌ನಲ್ಲಿ ಸೆಪರೇಟರ್ (ಡಿಲಿಮಿಟರ್‌ಗೆ ಡವ್‌ಕಾಟ್‌ನ ಹೆಸರು) ಚುಕ್ಕಿ, ಪ್ರಿಫಿಕ್ಸ್ ‘ಇನ್‌ಬಾಕ್ಸ್.’ ಎಂದು ಮಾಡಿ ಒಮ್ಮೆ ಓಡಿಸಿ. ಸೆಪರೇಟರ್ ಓರೆಗೆರೆ, ಪ್ರಿಫಿಕ್ಸ್ ಖಾಲಿ ಮಾಡಿ ಇನ್ನೊಮ್ಮೆ. ಎರಡರಲ್ಲೂ ‘ತನಿಖೆ’, ‘ಸಹಾಯ’, ‘ಬಿಲ್ & ರಸೀದಿ’ ಎಂಬ ಮೂರು ಫೋಲ್ಡರ್ ಮಾಡಿ, ಪಟ್ಟಿ ಮಾಡಿ, ತೆರೆದು, ಒಂದೊಂದು ಮೇಲ್ ಅಪೆಂಡ್ ಮಾಡಿ. \ಸೆಂಟ್ ಗುರುತನ್ನು ಸಂರಚನೆಯಲ್ಲಿ ‘ತನಿಖೆ’ಗೇ ಕೊಟ್ಟು, ಕಳುಹಿಸಿದ ಮೇಲ್‌ನ ಪ್ರತಿ ಅಲ್ಲಿಗೇ ಬಂದು ಬೀಳುತ್ತದೆಯೇ ನೋಡಿ.